ಅಯೋಡಿನ್ ಕೊಡುವ ಮುಂಚಿನ ಒಂದು ಗಂಟೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮೆಡಿಸಿನ್ ವಿಭಾಗದ ಹಿರಿಯ ವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಕೆಸರೆಯಿಂದ ರತ್ನಮ್ಮ ಎಂಬ ಮೂವತ್ತನಾಲ್ಕು ವರ್ಷದ ಹೆಂಗಸನ್ನು ಆಟೋದಲ್ಲಿ ಕರೆತಂದರು. ಜ್ವರ 104 ಡಿಗ್ರಿ, ನಾಡಿ ನಿಮಿಷಕ್ಕೆ 164. ಕುತ್ತಿಗೆಯ ಮುಂಭಾಗ ಊದಿತ್ತು. ಗಂಡ ಸಿದ್ದರಾಜು ಎದುರಿಗೇ ನಿಂತಿದ್ದರೂ ಆಕೆಗೆ ಗುರುತು ಸಿಗುತ್ತಿರಲಿಲ್ಲ.

ಇದನ್ನು ಥೈರಾಯ್ಡ್ ಸ್ಟಾರ್ಮ್ ಎನ್ನುತ್ತೇವೆ. ಥೈರಾಯ್ಡ್ ಹಾರ್ಮೋನಿನ ಹೊಡೆತವನ್ನು ದೇಹ ತಡೆದುಕೊಳ್ಳಲಾಗದ ಸ್ಥಿತಿ. ಸರಿಯಾದ ಚಿಕಿತ್ಸೆ ಕೊಟ್ಟರೂ ಕೆಲವರು ಉಳಿಯುವುದಿಲ್ಲ.

ಹಿಂದಿನ ತಿಂಗಳು ಬೇರೊಂದು ಕ್ಲಿನಿಕ್‌ನಲ್ಲಿ ಥೈರಾಯ್ಡ್ ಹೆಚ್ಚಾಗಿದೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಹತ್ತು ದಿನ ನುಂಗಿದರೂ ಎದೆಬಡಿತ, ಬೆವರು, ಕೈನಡುಕ ಇಳಿಯಲಿಲ್ಲ.

"ಇಂಗ್ಲಿಷ್ ಮಾತ್ರೆ ಉಷ್ಣ ಅಲ್ವಾ ಸಾರ್, ಅದ್ರಿಂದ್ಲೇ ಇಂಗಾಯ್ತದೆ ಅಂತ ನಾನೇ ನಿಲ್ಲಿಸ್ಬುಟ್ಟೆ" ಎಂದರು ಸಿದ್ದರಾಜು. ತಂಪಾಗಲಿ ಎಂದು ಹೆಂಡತಿಯ ನೆತ್ತಿಗೆ ಹರಳೆಣ್ಣೆ ತಟ್ಟಿ, ದಿನಾ ಎಳನೀರು ಕುಡಿಸಿದ್ದರು. ಅಷ್ಟರಲ್ಲಿ ಗಂಟಲುನೋವಿನ ಜ್ವರ ಬಂತು. ಹಾರ್ಮೋನು ಮೊದಲೇ ಹೆಚ್ಚಿದ್ದ ದೇಹಕ್ಕೆ ಅಷ್ಟು ಸಾಕಾಯಿತು.

ಹೃದಯದ ವೇಗ ಇಳಿಸುವ ಔಷಧಿ, ಸ್ಟೀರಾಯ್ಡ್, ಮೈಗೆ ತಣ್ಣೀರು ಬಟ್ಟೆ ಶುರುವಾದವು. ಹಾರ್ಮೋನು ತಯಾರಿಕೆ ತಡೆಯುವ ಮಾತ್ರೆಗಳನ್ನು ಪುಡಿ ಮಾಡಿ ಮೂಗಿನ ಕೊಳವೆಯಿಂದ ಕೊಟ್ಟೆವು. ಮುಂದಿನದು ಅಯೋಡಿನ್ ಹನಿ. ಸಿಸ್ಟರ್ ಅದರ ಬಾಟಲಿ ತಂದು ಹಾಸಿಗೆಯ ಪಕ್ಕದ ಮೇಜಿನ ಮೇಲಿಟ್ಟರು. ಒಂದು ಗಂಟೆ ಕಾಯಿರಿ ಎಂದು ನಾನು ಹೇಳಿದೆ.

ಕಾರಣ ಹೀಗಿದೆ. ಉಪ್ಪಿನಿಂದ ರಕ್ತಕ್ಕೆ ಬಂದ ಅಯೋಡಿನ್ ಅನ್ನು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಹೀರಿಕೊಂಡು, ಥೈರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನಿಗೆ ಸೇರಿಸಿ ಹಾರ್ಮೋನು ಮಾಡುತ್ತದೆ. ಮಾಡಿದ್ದನ್ನು ಕೂಡಲೇ ಬಿಡದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ಕೂಡಿಡುತ್ತದೆ. ಆರೋಗ್ಯವಂತರಲ್ಲಿ ಈ ದಾಸ್ತಾನು ವಾರಗಟ್ಟಲೆ ಸಾಕಾಗುತ್ತದೆ. ಬೇಕಾದಾಗ ಚೀಲದ ಗೋಡೆಯ ಕೋಶಗಳು ಅದನ್ನು ಸ್ವಲ್ಪಸ್ವಲ್ಪವೇ ಒಳಗೆಳೆದು, ಪ್ರೋಟೀನಿನಿಂದ ಹಾರ್ಮೋನನ್ನು ಬೇರ್ಪಡಿಸಿ ರಕ್ತಕ್ಕೆ ಬಿಡುತ್ತವೆ. ಮಾತ್ರೆ ತಡೆಯುವುದು ತಯಾರಿಕೆಯನ್ನು. ಹೆಚ್ಚು ಪ್ರಮಾಣದ ಅಯೋಡಿನ್ ತಡೆಯುವುದು ಬಿಡುಗಡೆಯನ್ನು. ಆದರೆ ತಯಾರಿಕೆ ನಿಲ್ಲುವ ಮೊದಲೇ ಅಯೋಡಿನ್ ಕೊಟ್ಟರೆ ಗ್ರಂಥಿ ಅದರಿಂದಲೇ ಇನ್ನಷ್ಟು ಹಾರ್ಮೋನು ಮಾಡಿಬಿಡಬಹುದು.

ಸಿದ್ದರಾಜು ಬಾಟಲಿಯನ್ನೇ ನೋಡುತ್ತಿದ್ದರು. ರತ್ನಮ್ಮ ಹಾಸಿಗೆಯಿಂದ ಏಳಲು ಒದ್ದಾಡುತ್ತಿದ್ದಳು.

"ಔಷ್ದಿ ಇಲ್ಲೇ ಮಡಿಕ್ಕೊಂಡು ಯಾಕ್ ಸಾರ್ ಕೊಡ್ತಿಲ್ಲ? ದೊಡ್ಡೋರ ಮನೆಯೋರಾಗಿದ್ರೆ ಇಂಗೇ ಕೂರ್ತಿದ್ರಾ?"

ಆ ಮಾತು ನನ್ನನ್ನು ಅಲುಗಿಸಿತು. ಅವರ ಕೆಲಸ ಏನೆಂದು ಕೇಳಿದೆ.

"ರಾಗಿ ಮಿಲ್ಲಲ್ಲಿದೀನಿ."

"ಓಡ್ತಿರೋ ಮಿಲ್ಲಿಗೆ ರಾಗಿ ಸುರಿದ್ರೆ?"

"ಇನ್ನಷ್ಟು ಇಟ್ಟಾಯ್ತದೆ."

"ಈ ಔಷಧಿ ಅವರ ಗಂಟಲಿನ ಮಿಲ್ಲಿಗೆ ರಾಗಿ ಇದ್ದ ಹಾಗೆ. ಈಗ ಕೊಟ್ಟಿರೋದು ಆ ಕ್ಲಿನಿಕ್‌ನವರು ಬರೆದಿದ್ದ ಥರದ ಮಾತ್ರೆನೇ. ಅದು ಮೊದಲು ಮಿಲ್ ನಿಲ್ಲಿಸಬೇಕು."

ಅವರು ಬಾಟಲಿಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು. "ಮಿಲ್ ನಿಂತ್ರೂ ಮೂಟೇಲಿರೋ ಇಟ್ಟು ಇರ್ತದಲ್ಲ ಸಾರ್."

"ಇರುತ್ತೆ. ಅದು ಖಾಲಿಯಾಗೋಕೆ ಎರಡು ಮೂರು ವಾರ ಬೇಕು."

"ಅಂಗಾದ್ರೆ ನಾನು ನಿಲ್ಲಿಸ್ದಾಗ ಆ ಮಾತ್ರೆ ಕೆಲಸ ಮಾಡ್ತಾ ಇತ್ತಾ?"

ಸುಳ್ಳು ಹೇಳಬಹುದಿತ್ತು. "ಮಾಡ್ತಾ ಇತ್ತು" ಎಂದೆ.

ಅವರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟರು. ಗಂಟೆ ಮುಗಿಯುವವರೆಗೂ ಅಲ್ಲೇ ಇದ್ದರು. ಸಿಸ್ಟರ್ ಹನಿಗಳನ್ನು ಎಣಿಸಿ ಕೊಳವೆಗೆ ಹಾಕುವಾಗ ಎದ್ದು ಬಂದು ಹೆಂಡತಿಯ ಪಾದ ಹಿಡಿದು ನಿಂತರು.

ಮಾರನೆಯ ಸಂಜೆಗೆ ನಾಡಿ 110ಕ್ಕೆ ಇಳಿಯಿತು. ಮೂರನೆಯ ದಿನ ನಾನು ರೌಂಡ್ಸ್‌ಗೆ ಹೋದಾಗ ರತ್ನಮ್ಮ ಗಂಡನನ್ನು ಗದರುತ್ತಿದ್ದಳು: "ಏನ್ ಕಣ್ರೀ ಈ ಅವತಾರ? ಮೊಕ ತೊಳ್ಕೊಂಡು ಎಷ್ಟ್ ದಿನ ಆಯ್ತು?" ಸಿದ್ದರಾಜು ನಗಲು ಹೋಗಿ ಅತ್ತರು.

ಈಗ ಸರಸ್ವತಿಪುರಂನ ಒಂದು ಕ್ಲಿನಿಕ್‌ನಲ್ಲಿ ಸಂಜೆ ಕೂರುತ್ತೇನೆ. ಇಂಥ ಮಾತ್ರೆ ಬರೆದುಕೊಡುವಾಗ, ಇದು ಏನು ಮಾಡುತ್ತದೆ ಎನ್ನುವುದಕ್ಕಿಂತ ಮೊದಲು, ಎಷ್ಟು ದಿನ ಏನೂ ಮಾಡದಂತೆ ಕಾಣುತ್ತದೆ ಎಂದು ಹೇಳುತ್ತೇನೆ. "ಮತ್ತ್ಯಾಕೆ ನುಂಗ್ಬೇಕು ಸಾರ್?" ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆ ನನ್ನೆದುರಿಗೇ ಬರಲಿ ಎಂದು ಕಾಯುತ್ತೇನೆ. ಮನೆಗೆ ಹೋದ ಮೇಲೆ ಬಂದರೆ ಉತ್ತರಿಸಲು ನಾನು ಅಲ್ಲಿರುವುದಿಲ್ಲ.