ಗಂಗಾಸಾಗರಕ್ಕೆ ಅರ್ಧ ದಾರಿ

ಕೋಪ ನನಗೆ ಮೂಗಿನ ತುದಿಯಲ್ಲೇ. ಆ ಭಾನುವಾರ ಅದನ್ನೂ ಕಟ್ಟಿಕೊಂಡೇ ಲಾಂಚ್ ಹತ್ತಿದ್ದೆ.

ನಮ್ಮ ಬ್ಯಾಂಕಿನ ಶಾಖೆಗಳೆಲ್ಲ ಒಂದೊಂದಾಗಿ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸೇರುತ್ತಿದ್ದ ಕಾಲ. ಎಸ್ಪ್ಲನೇಡಿನ ನನ್ನ ಶಾಖೆಯ ಸರದಿ ಅಂದು ಸಂಜೆ. ಆರಕ್ಕೆ ಎಲ್ಲರೂ ಹಾಜರಿರಬೇಕು. ಮರುದಿನ ಅಮ್ಮ ಊರಿಗೆ ಹೊರಡುವವಳು. ಕುಂದಾಪುರದಿಂದ ಅವಳು ಕಸ್ಬಾದ ನಮ್ಮ ಫ್ಲ್ಯಾಟಿಗೆ ಬಂದದ್ದೇ ಒಂದು ಆಸೆಗೆ. ಗಂಗೆ ಕಡಲು ಸೇರುವಲ್ಲಿ ಅಪ್ಪನ ಹೆಸರಿನಲ್ಲಿ ಮುಳುಗು ಹಾಕಬೇಕು. ಕರೆದೊಯ್ಯುತ್ತೇನೆ ಎಂದು ಹೇಳಿ ಹೇಳಿಯೇ ಅಪ್ಪ ತೀರಿಕೊಂಡಿದ್ದರು. ಮಗನಾದ ನಾನೂ ಮೂರು ವಾರದಿಂದ ‘ಮುಂದಿನ ಭಾನುವಾರ’ ಎನ್ನುತ್ತಾ ತಳ್ಳಿದ್ದೆ.

ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ದಂಡೆ ತಲುಪಿ, ಗಂಗಾಸಾಗರದ ದ್ವೀಪಕ್ಕೆ ಹೋಗುವ ಲಾಂಚ್ ಹತ್ತಿದೆವು. ಸ್ನಾನವಾಗುವ ತನಕ ಅಮ್ಮ ಹನಿ ಚಹಾ ಮುಟ್ಟುವವಳಲ್ಲ. ಅರ್ಧ ನದಿ ದಾಟಿರಬಹುದು, ಲಾಂಚ್ ಮರಳು ದಿಬ್ಬಕ್ಕೆ ತಾಗಿ ನಿಂತೇಬಿಟ್ಟಿತು. ಚಾಲಕ ಬೀಡಿ ಹಚ್ಚಿ, ಜೋಯಾರ್ ಬರಲಿ ಎಂದ. ನೀರು ಏರುವ ತನಕ ಕಾಯಬೇಕು ಅಷ್ಟೇ. ಎಷ್ಟು ಹೊತ್ತು ಎಂದು ಹಿಂದಿಯಲ್ಲಿ ಕೇಳಿದರೆ ಸುಮ್ಮನೆ ಕೈ ಆಡಿಸಿದ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಅಮ್ಮ ದಿಬ್ಬದ ಅಂಚನ್ನೇ ನೋಡುತ್ತಿದ್ದಳು. ‘ಭರತ ಶುರುವಾಯ್ತ್ ಮಗಾ. ಕಾಣ್, ಆ ಕೋಲಿನ ಬುಡಕ್ಕೆ ನೀರ್ ಬಂತ್. ಇನ್ನ್ ಅರ್ಧ ಗಂಟಿ ಸಾಕ್.’

‘ನಿಂಗೆ ಎಂತ ಗೊತ್ತ್? ಇದ್ ನಮ್ಮೂರ್ ಹೊಳಿ ಅಲ್ಲ’ ಎಂದೆ.

ಅಳಿವೆಯ ಬಾಯಲ್ಲಿ ಹುಟ್ಟಿ ಬೆಳೆದವಳಿಗೆ, ಫ್ಯಾನಿನ ಕೆಳಗೆ ಕೂತು ದುಡಿಯುವ ನಾನು ಉಬ್ಬರ ಇಳಿತದ ಪಾಠ ಹೇಳಿದೆ!

ಅಷ್ಟರಲ್ಲಿ ಒಂದು ಸಣ್ಣ ದೋಣಿ ನಾವು ಬಿಟ್ಟುಬಂದ ದಂಡೆಯ ಕಡೆಗೇ ಹೋಗುತ್ತಿತ್ತು. ಕೂಗಿ ನಿಲ್ಲಿಸಿದೆ. ‘ದಂಡೆಯಲ್ಲೇ ಮುಳುಗ್ ಹಾಕ್ ಅಮ್ಮ. ಇದೂ ಗಂಗೆಯೇ ಅಲ್ದಾ?’

ಅಮ್ಮ ದ್ವೀಪದ ಕಡೆ ಒಮ್ಮೆ ನೋಡಿದಳು. ‘ಅಡ್ಡಿಲ್ಲ’ ಎಂದು ಸೀರೆ ಎತ್ತಿ ಕಟ್ಟಿ ದೋಣಿಗೆ ಇಳಿದಳು. ದಂಡೆಯ ಕೆಸರು ನೀರಿನಲ್ಲಿ ಮೂರು ಮುಳುಗು ಹಾಕಿ ಅವಳು ಮೇಲೆ ಬರುವಷ್ಟರಲ್ಲಿ ಲಾಂಚ್ ದ್ವೀಪದತ್ತ ಸಾಗುತ್ತಿತ್ತು. ಇಬ್ಬರೂ ನೋಡಿದೆವು.

ಸಂಜೆ ಶಾಖೆಯಲ್ಲಿ ನನಗೆ ಕೆಲಸ ಬಂದದ್ದು ಎಂಟರ ಮೇಲೆ. ನಾನು ಎರಡು ಗಂಟೆ ತಡವಾಗಿ ಹೋಗಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ, ಊಟದ ಹೊತ್ತಿಗೆ ಚಿಕ್ಕಮ್ಮ ಕೇಳಿದರು: ‘ಅಕ್ಕ, ಗಂಗಾಸಾಗರ ಹ್ಯಾಂಗಿತ್ತ್?’

ನಾನು ತಲೆ ತಗ್ಗಿಸಿದೆ. ಚಿಕ್ಕಂದಿನಲ್ಲಿ ಒಂದೇ ಒಂದು ಸುಳ್ಳಿಗೆ ನನ್ನನ್ನು ಇಡೀ ದಿನ ಜಗಲಿಯಲ್ಲಿ ಕೂರಿಸಿದ್ದವಳು ಅಮ್ಮ.

‘ನಮ್ಮೂರ್ ಕಡ್ಲ್ ಹಾಂಗೇ. ಮಗ ಕೈ ಹಿಡ್ಕಂಡ್ ಮುಳುಗ್ಸಿದ’ ಎಂದು ಅಮ್ಮ ನನ್ನ ಎಲೆಗೆ ಅನ್ನ ಬಡಿಸಿದಳು.