ದೊಡ್ಡಮ್ಮ ದಾಟದ ಹೊಸ್ತಿಲು

ಮಳೆ ಬರಬಹುದಿತ್ತು. ಮಳೆಗಾಲ ಮುಗಿದಿತ್ತು ನಿಜ, ಆದರೆ ನಮ್ಮ ಕಡೆಯ ಮಳೆಗೆ ಅದು ಗೊತ್ತಿರಬೇಕೆಂದೇನಿಲ್ಲ. ಕಾಳಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು ಕಾರವಾರಕ್ಕೆ ಕಾರವಾರವೇ ಹಾರ್ನ್ ಹೊಡೆಯುತ್ತ ಕೂರಬಹುದಿತ್ತು. ದೇವಬಾಗದಲ್ಲಿ ದೊಡ್ಡಮ್ಮನ ಶೂಟಿಂಗ್ ಮುಗಿಯದೆ, ‘ಇವತ್ತು ಆಗೂದಿಲ್ಲ’ ಎಂದು ಫೋನು ಬರಬಹುದಿತ್ತು. ಹೊರಗಿನೂರಿನ ಡ್ರೈವರು ತೋಡೂರಿನ ತಿರುವು ತಪ್ಪಿಸಿಕೊಂಡು ಸೀದಾ ಅಂಕೋಲೆಗೆ ಹೋಗಿ, ಅಲ್ಲಿ ಬಸ್‌ಸ್ಟ್ಯಾಂಡಿನೆದುರು ಯಾರೋ ಗುರುತು ಹಿಡಿದು, ಕಾರಿನ ಸುತ್ತ ಮೊಬೈಲು ಎತ್ತಿದ ಕೈಗಳೇ ಕೈಗಳಾಗಬಹುದಿತ್ತು. ಆಯಿಯ ಬಿಪಿ ಏರಬಹುದಿತ್ತು. ಏರದಿರಲೆಂದು ನಾನು ನೆನಪಿಸಿ ನೆನಪಿಸಿ ನುಂಗಿಸಿದ ಗುಳಿಗೆಯಿಂದ ಇಳಿದೂ ಹೋಗಬಹುದಿತ್ತು. ಪಾಪ್ಲೆಟ್ ಸಿಗದಿರಬಹುದಿತ್ತು. ಸಿಕ್ಕಿ, ಹುರಿದು, ಬಡಿಸುವ ಹೊತ್ತಿಗೆ ‘ನಾ ಮೀನು ಬಿಟ್ಟು ವರ್ಷವಾಯ್ತು’ ಎನ್ನಬಹುದಿತ್ತು. ಕರೆಂಟು ಹೋಗಬಹುದಿತ್ತು, ಅದರ ಬೆನ್ನಿಗೇ ನೀರು. ಪಕ್ಕದ ಮನೆಯಾಕೆ ಕಂಪೌಂಡಿನ ಮೇಲೆ ಕೈಯೂರಿ, ‘ಕಡೆಗೂ ನಿಮ್ದು ಮದ್ವೆ ಆಗಿತ್ತಾ, ಇಲ್ವಾ?’ ಎಂದು ದೊಡ್ಡಮ್ಮನನ್ನೇ ಕೇಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡಮ್ಮ ನಮ್ಮ ಬಾಗಿಲವರೆಗೆ ಬಂದು, ಕೆಳಗೆ ನೋಡಿ, ಹಾಗೇ ತಿರುಗಿ ಹೋಗಿಬಿಡಬಹುದಿತ್ತು.

ಹಿಂದಿನ ವಾರವಿಡೀ ನಾನು ಇವನ್ನೆಲ್ಲ ಒಂದಾದ ಮೇಲೊಂದು ಯೋಚಿಸಿ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಯೋಚಿಸಿದೆ. ಅಂಕೋಲೆಯ ಕಾಲೇಜೊಂದರ ಕಚೇರಿಯಲ್ಲಿ ನನ್ನ ಕೆಲಸ. ಅಲ್ಲಿ ಕಡತದ ಎದುರು ಕುಳಿತು ಪಾಪ್ಲೆಟ್‌ನ ಚಿಂತೆ, ಮನೆಯಲ್ಲಿ ಮೀನಿನ ಎದುರು ಕುಳಿತು ಸೇತುವೆಯ ಚಿಂತೆ.

“ನಿಮ್ಗೆ ಚಿಂತೆ ಮಾಡೂಕೆ ಸರ್ಕಾರ ಬೇರೆ ಸಂಬಳ ಕೊಡ್ತದ್ಯಾ?” ಎಂದಳು ಹೆಂಡತಿ.

“ನಾ ಮಾಡ್ದಿದ್ರೆ ಈ ಮನೇಲಿ ಯಾರು ಮಾಡ್ತಾರೆ?”

“ಅದೂ ಹೌದು. ನಮ್ಗೆಲ್ಲ ಕೆಲಸ ಅದೆ.”

ದೊಡ್ಡಮ್ಮ ಎಂದರೆ ನನ್ನ ತಾಯಿಯ, ಅಂದರೆ ಆಯಿಯ, ಅಕ್ಕ. ಊರಿಗೆಲ್ಲ ಆಕೆ ಬೇರೆ ಹೆಸರಿನವಳು. ಸಿನೆಮಾದವರು ಇಟ್ಟ ಆ ಹೆಸರನ್ನು ಇಲ್ಲಿ ಬರೆದರೆ ನೀವು ನನ್ನ ಮಾತು ಬಿಟ್ಟು ಅವಳ ಹಾಡು ಗುನುಗಲು ಶುರುಮಾಡುತ್ತೀರಿ.

ನಮ್ಮೂರಲ್ಲಿ ವರ್ಷಕ್ಕೊಂದು ನಾಟಕ ಆಡುವ ರೂಢಿಯಿತ್ತು. ಗಂಡಸರ ಪಾತ್ರಕ್ಕೆ ಊರಿನ ಗಂಡಸರು, ಹೆಣ್ಣಿನ ಪಾತ್ರಕ್ಕೆ ಹುಬ್ಬಳ್ಳಿಯಿಂದ ಸಂಭಾವನೆ ಕೊಟ್ಟು ಕರೆಸಿದವರು. ಊರಿನ ಹೆಣ್ಣುಮಕ್ಕಳು ಚಾಪೆ ಹಿಡಿದುಕೊಂಡು ಬಂದು ಎದುರು ಕುಳಿತು ಅಳಬೇಕು, ಅಷ್ಟೆ. ಒಂದು ವರ್ಷ ಹುಬ್ಬಳ್ಳಿಯಾಕೆಗೆ ಬಸ್ಸು ತಪ್ಪಿತು. ರಂಗದ ಹಿಂದೆ ಗಂಡಸರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದಾಗ, ಶಾಲೆಯ ಜಗುಲಿಯಲ್ಲಿ ನಡೆಯುತ್ತಿದ್ದ ತಾಲೀಮನ್ನು ಕಿಟಕಿಯಾಚೆಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ದೊಡ್ಡಮ್ಮ, ‘ಮಾತು ನಂಗೆ ಬರ್ತದೆ’ ಎಂದಳಂತೆ. ಅವಳಿಗೆ ಬರುತ್ತಿದ್ದುದು ಬರೀ ಮಾತಲ್ಲ ಎನ್ನುವುದು ಮೊದಲ ಅಂಕ ಮುಗಿಯುವುದರೊಳಗೆ ಎಲ್ಲರಿಗೂ ತಿಳಿಯಿತು. ಅಜ್ಜನಿಗೂ ತಿಳಿಯಿತು. ಅವನು ನಾಟಕ ಮುಗಿಯುವ ಮೊದಲೇ ಎದ್ದುಹೋದ.

ಆಮೇಲೆ ಕಂಪನಿ ನಾಟಕದವರು ಹುಡುಕಿಕೊಂಡು ಬಂದರು. ದೊಡ್ಡಮ್ಮ ಟ್ರಂಕು ಹಿಡಿದು ಹೊರಟಾಗ ಅಜ್ಜ ಬಾಗಿಲಲ್ಲಿ ನಿಂತು, “ಇದ್ನ ದಾಟಿ ಹೋದ್ರೆ ಮತ್ತೆ ದಾಟೂಕೆ ಬರ್ಬೇಡ” ಎಂದ. ಅಪ್ಪನದೇ ಮಗಳು. “ಈ ಹೊಸ್ತಿಲು ಇರೂತನ್ಕ ನಾನೂ ದಾಟೂದಿಲ್ಲ” ಎಂದು ಹೊಸ್ತಿಲನ್ನೇ ನೋಡಿ ಹೇಳಿದಳು. ಆಗ ಲಂಗ ತೊಡುತ್ತಿದ್ದ ಆಯಿ ಬಾಗಿಲ ಹಿಂದೆ ನಿಂತು ಇದನ್ನು ಕೇಳಿದವಳು.

ನಾಟಕದಿಂದ ಸಿನೆಮಾ. ಸಿನೆಮಾದಲ್ಲಿ ಅವಳು ನಾಯಕಿಯಾದಳು, ಕೆಲವು ವರ್ಷಕ್ಕೆ ನಾಯಕನ ಅತ್ತಿಗೆಯಾದಳು, ಮುಂದೆ ಅದೇ ನಾಯಕನ ತಾಯಿಯಾದಳು. ಈಗ ಅಜ್ಜಿ. ನಾಯಕ ಮಾತ್ರ ಮೊನ್ನೆ ಮೊನ್ನೆಯವರೆಗೂ ಕಾಲೇಜಿಗೆ ಹೋಗುತ್ತಿದ್ದ. ಪ್ರಶಸ್ತಿಗಳು ಬಂದವು, ಅವಳ ಹಾಗೆ ಬೈತಲೆ ತೆಗೆಯುವುದು ಒಂದು ಕಾಲಕ್ಕೆ ಕಾರವಾರದ ಹುಡುಗಿಯರಿಗೆಲ್ಲ ಅಂಟಿತು. ನಮ್ಮ ಮನೆಯಲ್ಲಿ ಮಾತ್ರ ಅವಳ ಹೆಸರೆತ್ತುವಂತಿರಲಿಲ್ಲ. ಟಿವಿಯಲ್ಲಿ ಅವಳ ಸಿನೆಮಾ ಬಂದರೆ ಅಜ್ಜ ಎಮ್ಮೆ ನೋಡುವ ನೆವದಲ್ಲಿ ಕೊಟ್ಟಿಗೆಗೆ ಹೋಗುತ್ತಿದ್ದ. ಕೊಟ್ಟಿಗೆಗೆ ಟಿವಿ ಕಾಣಿಸುವುದಿಲ್ಲ, ಕೇಳಿಸುತ್ತದೆ. ಅವಳ ಹಾಡು ಪೂರ್ತಿ ಮುಗಿಯುವವರೆಗೆ ಆ ಎಮ್ಮೆಗೆ ಏನಾದರೊಂದು ಆಗಿಯೇ ಇರುತ್ತಿತ್ತು. ನನ್ನ ಮದುವೆಯ ಮಾತುಕತೆಯಲ್ಲೂ ಹಿರಿಯರು ದೊಡ್ಡಮ್ಮನ ವಿಷಯವನ್ನು ಜಾಣತನದಿಂದ ಬಿಟ್ಟುಬಿಟ್ಟರು. “ಮೊದ್ಲೇ ಹೇಳಿದ್ರೆ ನಿಮ್ಮ ಮೋರೆ ನೋಡೂಕೆ ಹೋಗ್ದೆ ಹೂಂ ಅಂತಿದ್ದೆ” ಎಂದು ಹೆಂಡತಿ ಇಂದಿಗೂ ಚುಚ್ಚುತ್ತಾಳೆ.

ಅಜ್ಜ ತೀರಿಕೊಂಡಾಗ ದೊಡ್ಡಮ್ಮ ಬಂದಳು. ಅಂಗಳದವರೆಗೆ. ತುಳಸಿಕಟ್ಟೆಯ ಪಕ್ಕ ಬಿಸಿಲಲ್ಲಿ ನಿಂತೇ ಇದ್ದಳು. ಒಳಗೆ ಬಾ ಎಂದು ಆಯಿ ಅತ್ತು ಕರೆದರೂ ಬರಲಿಲ್ಲ. ಹೆಣ ಹೊರಗೆ ತಂದ ಮೇಲೆ ಮುಖ ನೋಡಿ, ಬಂದ ಕಾರಿನಲ್ಲೇ ಹೊರಟುಹೋದಳು. ಆಯಿಗೆ ಅಣ್ಣತಮ್ಮಂದಿರಿಲ್ಲ. ನನ್ನಪ್ಪ ಮನೆಯಳಿಯನಾಗಿ ಬಂದವನಾದ್ದರಿಂದ ಆ ಮನೆ ನಡೆಸಿದವಳು ಆಯಿ. ತವರಿಗೆ ಬಂದ ಹೆಣ್ಣಿಗೆ ಉಡಿ ತುಂಬಿ ಕಳಿಸಬೇಕಾದವಳೂ ಅವಳೇ. ಅಕ್ಕ ಬರಿಯ ಸೆರಗಿನಲ್ಲಿ ಹೋದಳಲ್ಲ ಎನ್ನುವುದು ಅವಳ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಉಳಿಯಿತು.

ಮುಂದೆ ನೌಕಾನೆಲೆಗೆಂದು ಊರಿಗೆ ಊರೇ ಹೋಯಿತು. ಎಲ್ಲರೂ ತಮ್ಮ ಮನೆಯನ್ನು ತಾವೇ ಬಿಚ್ಚಿ ಹಂಚು, ತೊಲೆ, ಕಿಟಕಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ತೋಡೂರಿನ ಪುನರ್ವಸತಿ ಕಾಲೊನಿಯ ಎಷ್ಟೋ ಮನೆಗಳಿಗೆ ಹೊಸ ಗೋಡೆ, ಹಳೆ ಬಾಗಿಲು. ನಾವು ತಂದದ್ದರಲ್ಲಿ ತಲೆಬಾಗಿಲ ಚೌಕಟ್ಟೂ ಇತ್ತು, ಹೊಸ್ತಿಲ ಸಮೇತ. ಹಲಸಿನ ಮರ. ಗೆದ್ದಲು ಮುಟ್ಟದ್ದು. ಬಡಗಿಗೆ ಖುಷಿಯಾಯಿತು, ನನಗೆ ಆಗಲೇ ಸಂಕಟವಾಯಿತು. ಹೇಳಿದೆ ಕೂಡ. ಆಯಿ ಕೇಳದವಳ ಹಾಗೆ ಇದ್ದಳು.

ಹೀಗಿರುವಾಗ ದೊಡ್ಡಮ್ಮನ ಫೋನು. ದೇವಬಾಗದಲ್ಲಿ ಶೂಟಿಂಗು, ಮುಂದಿನ ವಾರ ಒಂದು ಮಧ್ಯಾಹ್ನ ಬಿಡುವು ಕೊಡುತ್ತಾರೆ, ಶೂಟಿಂಗು ಮುಗಿದರೆ ಆಪರೇಷನ್‌ಗೆ ಸೇರಿಕೊಳ್ಳಬೇಕು, ಎದೆಯದು. ಹೇಳಬೇಕಾದ್ದನ್ನು ಅಷ್ಟು ಸಲೀಸಾಗಿ ಹೇಳಿ, “ಹೆಂಗೂ ಆ ಮನೆ ಹೋಯ್ತು, ಹೊಸ್ತಿಲೂ ಹೋಯ್ತು. ಇನ್ನೆಂತದೇ? ಬರ್ತೆ” ಎಂದಳು. ಸ್ಪೀಕರ್ ಹಾಕಿದ್ದ ಫೋನು ನನ್ನ ಕೈಯಲ್ಲಿತ್ತು. ಆಯಿ ನನ್ನ ಮುಖ ನೋಡಿದಳು, ಆಮೇಲೆ ಫೋನಿಗೆ, “ಬಾ ಅಕ್ಕ” ಎಂದಷ್ಟೇ ಹೇಳಿದಳು.

ನನ್ನ ಚಿಂತೆಗೆ ಕಾಲು ಬಂದದ್ದು ಅಲ್ಲಿಂದ. ಹೊಸ್ತಿಲ ಮೇಲೊಂದು ಚಾಪೆ ಹಾಸಿಬಿಡೋಣವೆಂದೆ.

“ಲಕ್ಷ್ಮಿ ಕೂರೂ ಜಾಗ. ಚಾಪೆ ಹಾಸ್ತಾನಂತೆ” ಎಂದು ಆಯಿ ಮೂದಲಿಸಿದಳು.

ಹಾಗಾದರೆ ಹಿತ್ತಿಲ ಬಾಗಿಲಿಂದ ಕರೆದುಕೊಂಡು ಬರೋಣವೆಂದೆ. ಮಾತು ಮುಗಿಯುವ ಮೊದಲೇ ನಾಚಿಕೆಯಾಯಿತು.

“ಬೇರೆ ಹೊಸ್ತಿಲು ದಾಟಿದ್ರೆ ಅದು ಬರೀ ನನ್ನ ಮನೆ ಆಗ್ತದೆ ತಮಾ” ಎಂದಳು ಆಯಿ. “ಇದ್ನ ದಾಟಿದ್ರೇ ಅವಳಿಗೆ ತವರು. ಇಲ್ದಿದ್ರೆ ಈ ಮರ ಇಲ್ಲೀತನ್ಕ ಹೊತ್ಕಂಡು ಬಂದದ್ದು ಎಂತಕ್ಕೆ?”

ಈ ಸಲ ಅಕ್ಕನ ಉಡಿ ತುಂಬಿಯೇ ಕಳಿಸುವೆನೆಂದಿದ್ದಳು ಆಯಿ. ಅಪ್ಪ ಹೋಗಿ ವಿಧವೆಯಾದ ಅವಳು ಉಡಿ ತುಂಬಬಹುದೇ, ಸಿನೆಮಾದವನ ಜೊತೆ ಹೇಗೋ ಬಾಳಿ ಅವನನ್ನೂ ಕಳೆದುಕೊಂಡ ದೊಡ್ಡಮ್ಮ ತುಂಬಿಸಿಕೊಳ್ಳಬಹುದೇ ಎಂಬ ಚಿಂತೆಯೂ ನನ್ನಲ್ಲಿತ್ತು. ಅದನ್ನೂ ಬಾಯಿಬಿಟ್ಟೆ. “ತವರಿನ ಅಕ್ಕಿಗೆ ಗಂಡನ ಹಂಗೆಂತದು? ಕೊಡೂಳು ನಾನು, ತಕಂಬೂಳು ಅವಳು. ನಡುವೆ ನಿಂದೆಂತದೋ?”

ಮಳೆ ಬರಲಿಲ್ಲ. ಸೇತುವೆಯಲ್ಲಿ ಲಾರಿ ಕೆಡಲಿಲ್ಲ. ಡ್ರೈವರು ತಿರುವು ತಪ್ಪಿಸಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಕಾರು ಬಂತು. ತೆರೆಯ ಮೇಲೆ ಗೋಡೆಯಷ್ಟು ಎತ್ತರಕ್ಕೆ ಕಂಡ ದೊಡ್ಡಮ್ಮ ನನ್ನ ಭುಜದ ಕೆಳಗಿದ್ದಳು. ಚಪ್ಪಲಿ ಬಿಟ್ಟಳು. ಹೆಂಡತಿ ಕೊಟ್ಟ ತಂಬಿಗೆಯ ನೀರಿನಿಂದ ಕಾಲು ತೊಳೆದಳು. ಮೆಟ್ಟಿಲು ಹತ್ತಿದಳು. ಆಮೇಲೆ ಕೆಳಗೆ ನೋಡಿದಳು.

ಹೊಸ್ತಿಲಿನ ಬಲತುದಿಯಲ್ಲಿ ಒಂದಷ್ಟು ಗುಳಿಗಳಿವೆ. ಗೇರುಬೀಜ ಇಟ್ಟು ಕಲ್ಲಿನಿಂದ ಒಡೆದು ಒಡೆದು ಮಕ್ಕಳು ಮಾಡಿದ್ದು. ಅವಳ ಕಣ್ಣು ಅಲ್ಲಿಗೇ ಹೋಗಿ ನಿಂತಿತು.

“ಇದು ಇನ್ನೂ ಸಾಯ್ಲಿಲ್ವಾ?”

ಪಕ್ಕದ ಮನೆಯಾಕೆ ಕಂಪೌಂಡಿನ ಮೇಲೆ ಇನ್ನಷ್ಟು ಬಾಗಿದಳು.

“ನೀ ಇದ್ನ ಹೊತ್ಕಂಡು ಬಂದ್ಯೇನೇ?”

“ಹೊತ್ಕಂಡಲ್ಲ. ಟೆಂಪೋದಲ್ಲಿ” ಎಂದಳು ಆಯಿ.

“ಗೊತ್ತಿದ್ದೂ ಕರೆದ್ಯಾ? ಅಪ್ಪ ಹೇಳಿದ್ದು, ನಾ ಹೇಳಿದ್ದು…”

“ಅಪ್ಪ ಹೇಳಿದ್ದು ಅಪ್ಪನ ಮನೇಲಿ ನಿಂತ್ಕಂಡು. ಆ ಜಾಗ ಈಗ ನೇವಿಯವ್ರದ್ದು. ಅಲ್ಲಿ ಕಾಲಿಡೂಕೆ ನಂಗೂ ಪಾಸ್ ಬೇಕು. ನಿನ್ನೊಬ್ಳನ್ನೇ ಹೊರಗಿಟ್ಟದ್ದಲ್ಲ ಅಕ್ಕ, ಈಗ ನಾವೆಲ್ಲ ಹೊರಗೇ.”

ದೊಡ್ಡಮ್ಮನ ಗಲ್ಲ ನಡುಗಿತು. ಈ ನಡುಕವನ್ನು ನಾನು ಕಾರವಾರದ ಟಾಕೀಸಿನಲ್ಲಿ ಕದ್ದು ಎಷ್ಟು ಸಲ ನೋಡಿದ್ದೇನೋ. ಮೊದಲು ಗಲ್ಲ, ಆಮೇಲೆ ಕಣ್ಣು, ಹನಿ ಬೀಳುವ ಮೊದಲು ಮುಖ ಒಂಚೂರು ಎಡಕ್ಕೆ. ಈ ಸಲ ಮುಖ ಎಡಕ್ಕೆ ತಿರುಗಲಿಲ್ಲ. ಮೂಗು ಸೋರಿತು. ಅಂಗೈಯಿಂದ ಒರೆಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ನೋವಿನ ಮಂಡಿಯನ್ನು ಕಷ್ಟಪಟ್ಟು ಎತ್ತಿ ಒಳಗಿಟ್ಟಳು.

ಊಟವಾಯಿತು. ಪಾಪ್ಲೆಟ್‌ನ ಮುಳ್ಳು ಮಾತ್ರ ಉಳಿಯಿತು. ಆಪರೇಷನ್‌ನ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊರಡುವ ಹೊತ್ತಿಗೆ ಆಯಿ ಬಿದಿರಿನ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ರವಿಕೆ ಕಣ ಜೋಡಿಸಿಕೊಂಡು ಬಂದು, ದೇವರ ಮುಂದೆ ಅಕ್ಕನನ್ನು ನಿಲ್ಲಿಸಿ, “ಹಿಡಿ” ಎಂದಳು.

ದೊಡ್ಡಮ್ಮ ತನ್ನನ್ನೇ ನೋಡಿಕೊಂಡಳು. ಅವಳು ತೊಟ್ಟಿದ್ದುದು ಕುರ್ತಾ, ಪೈಜಾಮ. ಸೆರಗೆಂಬುದೇ ಇರಲಿಲ್ಲ.

“ಶೂಟಿಂಗಿನ ಸೀರೆ ನಾಳೆಗೂ ಬೇಕಂತೆ. ಕಾಸ್ಟ್ಯೂಮಿನಂವ ಬಿಚ್ಚಿಸ್ಕಂಡ” ಎಂದಳು. ಹೆಂಡತಿ ಸೀರೆ ತರಲು ಒಳಗೆ ಓಡಿದಳು. ಹೊರಗೆ ಡ್ರೈವರು ಹಾರ್ನ್ ಹೊಡೆದ. “ಬೇಡ, ಹಾಕೇ. ಗೇರುಬೀಜ ಹೆಕ್ಕೂವಾಗ ಲಂಗದಲ್ಲೇ ತುಂಬ್ಕಂಬೂದಿತ್ತಲ್ಲ” ಎಂದು ದೊಡ್ಡಮ್ಮ ಕುರ್ತಾದ ಮುಂಭಾಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಆಯಿ ಗೆರಸೆ ಬಗ್ಗಿಸಿದಳು.

ಲಂಗಕ್ಕೆ ಸುತ್ತ ಬಟ್ಟೆ. ಕುರ್ತಾಕ್ಕೆ ಎರಡೂ ಬದಿ ಸೀಳು. ಇಷ್ಟನ್ನು ನಾನು ಯೋಚಿಸಿರಲಿಲ್ಲ. ಕಾಯಿ, ಕಣ ನಿಂತವು; ಅಕ್ಕಿ ಮಾತ್ರ ಎಡಕ್ಕೂ ಬಲಕ್ಕೂ ಸುರಿದು ದೊಡ್ಡಮ್ಮನ ಪಾದದ ಸುತ್ತ ಹರಡಿತು.

ಅವಳು ಗಾಬರಿಯಿಂದ ಹೆಜ್ಜೆ ಎತ್ತಲು ಹೋದಳು.

“ತುಳೀಬೇಡ! ಅನ್ನ ಅದು. ಹಂಗೇ ನಿಲ್ಲು” ಎಂದಳು ಆಯಿ.

ದೊಡ್ಡಮ್ಮ ಹಾಗೇ ನಿಂತಳು. ನಾನು ಬಗ್ಗಲು ಹೋದರೆ ಆಯಿ ಕೈಯಿಂದಲೇ ತಡೆದಳು. ತಾನೇ ನೆಲಕ್ಕೆ ಕುಳಿತು, ಅಕ್ಕನ ಕಾಲಿನ ಸುತ್ತಲಿನ ಅಕ್ಕಿಯನ್ನು ಬಾಚಿಕೊಳ್ಳದೆ, ಬೆರಳ ತುದಿಯಿಂದ ಒಂದೊಂದೇ ಕಾಳು ಹೆಕ್ಕತೊಡಗಿದಳು. ಹೊರಗೆ ಮತ್ತೆ ಹಾರ್ನ್ ಆಯಿತು. ಆಯಿ ತಲೆ ಎತ್ತಲಿಲ್ಲ.