ಕುಂಬಳಪ್ಪನ ಖೋ

ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಒಂದು ಸ್ಟೀಲ್ ಚೊಂಬು ತೊಳೆಯುತ್ತಿದ್ದೆ. ನಾನು ಪಾತ್ರೆ ತೊಳೆಯುವುದೇ ಅಪರೂಪ, ಅದರಲ್ಲೂ ಯಾರೂ ಹೇಳದೆ ತೊಳೆಯುವುದು ಇನ್ನೂ ಅಪರೂಪ. ಹಾಗಾಗಿ ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಚೊಂಬಿನ ಹೊಟ್ಟೆಯ ಮೇಲೆ ಜಾರುತ್ತಿದ್ದ ಹೆಬ್ಬೆರಳಿಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರಗಳು ತಗುಲಿದವು. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಕೊಡುವ ಪಾತ್ರೆಗಳ ಮೇಲೆ ಅಂಗಡಿಯವರು ಗುಯ್ ಎನ್ನುವ ಸಣ್ಣ ಮಿಷಿನ್ನಿನಲ್ಲಿ ಹೆಸರು ಬರೆದುಕೊಡುತ್ತಾರಲ್ಲ, ಅಂಥವು. ನಿಮ್ಮ ಮನೆಯಲ್ಲೂ ಇಂಥ ಚೊಂಬು, ತಟ್ಟೆ ಇದ್ದೇ ಇರುತ್ತವೆ. ಯಾರು ಕೊಟ್ಟದ್ದೆಂಬುದು ಮರೆತೇ ಹೋದ ಮೇಲೂ ಹೆಸರು ಮಾತ್ರ ದಿನಾ ಕೈಗೆ ಸಿಗುತ್ತದೆ. ನಮ್ಮ ಚೊಂಬಿನ ಮೇಲಿರುವುದು ಕೊಟ್ಟವರ ಹೆಸರಲ್ಲ, ಗೆದ್ದವರ ಹೆಸರು.

ಏನನ್ನು ಗೆದ್ದವರು ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳಲು ಕೊಂಚ ನಾಚಿಕೆ. ನಾನು ಹಾಸನದ ಒಂದು ಕಚೇರಿಯಲ್ಲಿ ಮೇಜಿನ ಹಿಂದೆ ಕೂತು ‘ಸಾ, ಒಂದು ಸೈನು’ ಎನ್ನಿಸಿಕೊಳ್ಳುವ ಮನುಷ್ಯ. ನೆತ್ತಿಯ ಕೂದಲು ಆಗಲೇ ಕೈಕೊಡುತ್ತಿದೆ. ಇಂಥ ನಾನು ಮೊಬೈಲಿನಲ್ಲಿ ವಿಚಿತ್ರ ಜೀವಿಗಳನ್ನು ಕಾದಾಡಿಸುವ ಆಟದಲ್ಲಿ ಗೆದ್ದೆನೆಂದರೆ ಯಾರಾದರೂ ಮರ್ಯಾದೆ ಕೊಡುತ್ತಾರೆಯೇ? ಆದರೂ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಆ ಚೊಂಬಿಗಿರುವ ಗೌರವ ದೇವರಮನೆಯ ದೀಪಕ್ಕೂ ಇಲ್ಲ.

ಆಟ ಸರಳ. ಪರದೆಯ ಮೇಲೆ ನೂರಾರು ಜೀವಿಗಳು ಸಾಲಾಗಿ ನಿಂತಿರುತ್ತವೆ, ಬಲವಾದವು ಮೇಲೆ, ಬಡಪಾಯಿಗಳು ಕೆಳಗೆ. ಮೂರನ್ನು ಆರಿಸಿಕೊಂಡು ಒಂದೊಂದಾಗಿ ಕಣಕ್ಕಿಳಿಸಬೇಕು. ನಾನೊಂದು ಏಟು ಕೊಟ್ಟರೆ ನೀವೊಂದು. ಯಾರ ಮೂರೂ ಜೀವಿಗಳು ಮೊದಲು ಮಲಗುತ್ತವೋ ಅವರು ಸೋತಂತೆ. ಅವುಗಳ ಇಂಗ್ಲಿಷ್ ಹೆಸರು ನಮ್ಮ ಬಾಯಿಗೆ ಒಗ್ಗದೆ ನಾವೇ ಹೆಸರಿಟ್ಟುಕೊಂಡಿದ್ದೆವು. ಬೆಂಕಿ ಉಗುಳುವುದು ಕೆಂಡಹುಲಿ, ಮೋಡದಿಂದ ಎರಗುವುದು ಸಿಡಿಲಹದ್ದು. ಈ ಎರಡಕ್ಕೆ ಎಲ್ಲರೂ ಬಾಯಿ ಬಿಡುವವರೇ. ಅದಕ್ಕೆಂದೇ ಮನೆಯಲ್ಲೊಂದು ಕಟ್ಟಳೆ ಮಾಡಿಕೊಂಡಿದ್ದೆವು. ಸರದಿ ಬಂದಾಗ ಮೂರನ್ನೂ ಒಟ್ಟಿಗೆ ಆರಿಸಬೇಕು, ಒಬ್ಬರು ತೆಗೆದುಕೊಂಡದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಹಿಂದಿನ ವರ್ಷ ಗೆದ್ದವರಿಗೆ ಮೊದಲ ಸರದಿ. ಗೆದ್ದವರ ಹೆಸರು ಚೊಂಬಿನ ಮೇಲೆ, ಚೊಂಬು ಮುಂದಿನ ಪಂದ್ಯದವರೆಗೆ ಅವರ ಮನೆಯಲ್ಲಿ.

ಆಡುವವರು ನಾಲ್ಕು ಊರಿನ ನಾಲ್ಕು ಜನ. ಹಾಸನದಿಂದ ನಾನು. ಚನ್ನರಾಯಪಟ್ಟಣದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಲೋಕೇಶ, ನನ್ನ ಚಿಕ್ಕಪ್ಪನ ಮಗ. ಹೊಳೆನರಸೀಪುರಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕ ಶೈಲಾ. ಎಲ್ಲರಿಗೂ ನಡುವಿನ ಊರೆಂದು ಪಂದ್ಯ ನಡೆಯುವುದು ಅವಳ ಮನೆಯಲ್ಲೇ. ಅಕ್ಕನಿಗೆ ಗೆಲ್ಲುವ ಹಟವಿಲ್ಲ. ಒಂದು ಕೈಯಲ್ಲಿ ಬಸ್ಸಾರಿಗೆ ಒಗ್ಗರಣೆ ಕೊಡುತ್ತಾ ಇನ್ನೊಂದರಲ್ಲಿ ಆಡುತ್ತಾಳೆ, ‘ಮುಖ ಮುದ್ದಾಗೈತೆ’ ಎಂಬ ಒಂದೇ ಕಾರಣಕ್ಕೆ ಜೀವಿಗಳನ್ನು ಆರಿಸುತ್ತಾಳೆ. ಲೋಕೇಶನದು ಇದಕ್ಕೆ ತದ್ವಿರುದ್ಧ. ಯಾವ ಜೀವಿ ಎಷ್ಟನೇ ಸ್ಥಾನದಲ್ಲಿದೆ, ಯಾವುದು ಚಿನ್ನ, ಯಾವುದು ಕಸ ಎಂದು ವಿಡಿಯೊ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿರುತ್ತಾನೆ. ಚೊಂಬಿನ ಕತ್ತಿನ ಸುತ್ತ ಮೊದಲಿಗೆ ಅವನ ಹೆಸರೇ ತುಂಬಿತ್ತು.

ನಾಲ್ಕನೆಯವರು ಅರಕಲಗೂಡಿನ ಗೌರತ್ತೆ. ನಮ್ಮ ತಂದೆಯ ತಂಗಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಪೀಟಿ ಟೀಚರಾಗಿದ್ದು ನಿವೃತ್ತರಾದವರು. ಅವರ ದನಿ ಕೇಳಿದರೆ ಬಸ್ಸು ತಾನಾಗಿ ನಿಲ್ಲುತ್ತದೆಂದು ನಮ್ಮಪ್ಪ ರೇಗಿಸುತ್ತಿದ್ದರು. ಸೋತರೆ ಮುಖ ಊದಿಸಿಕೊಳ್ಳುವುದು, ಗೆದ್ದರೆ ವಾರವಿಡೀ ಅದನ್ನೇ ಹೇಳುವುದು, ಎರಡೂ ಅವರಲ್ಲಿತ್ತು. ಮಂಡಿಯ ಆಪರೇಷನ್ ಆದ ಮೇಲೆ ಅಕ್ಕನ ಮನೆಗೆ ಬಂದು ದಿವಾನದ ಮೇಲೆ ಕಾಲು ಚಾಚಿಕೊಂಡಿದ್ದಾಗ ನಮ್ಮ ಪಂದ್ಯ ಕಣ್ಣಿಗೆ ಬಿತ್ತು.

“ಏನ್ರ್ಲಾ ಅದು, ಮೂರೊತ್ತೂ ಮೊಬೈಲ್ ಉಜ್ಜೋದು? ತತ್ತಾ ಇಲ್ಲಿ!”

ಆಟವನ್ನು ವಿವರಿಸಿದೆ. ಅತ್ತೆ ಕನ್ನಡಕ ಏರಿಸಿ ಪರದೆಯನ್ನು ಮೇಲಿನಿಂದಲ್ಲ, ಕೆಳಗಿನಿಂದ ನೋಡತೊಡಗಿದರು. ಕೆಂಡಹುಲಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಬೂದುಗುಂಬಳಕಾಯಿಗೆ ನಾಲ್ಕು ಮೊಂಡು ಕಾಲು ಅಂಟಿಸಿದಂಥ, ಸದಾ ಅರ್ಧ ಕಣ್ಣು ಮುಚ್ಚಿರುವ ಒಂದು ಜೀವಿ ತೀರ ಕೆಳಗಿತ್ತು. ಅದಕ್ಕೆ ನಾವು ಹೆಸರೂ ಇಟ್ಟಿರಲಿಲ್ಲ.

“ಇವ್ನ್ಯಾರ್ಲಾ ಕುಂಬಳಪ್ಪ?”

“ಅತ್ತೆ, ಅದು ಡಬ್ಬಾ ಪೀಸು,” ಎಂದ ಲೋಕೇಶ. “ಒಡಿಯಾಕೆ ಬರಲ್ಲ, ಓಡಾಕೆ ಬರಲ್ಲ. ಯಾರೂ ತಗಳಲ್ಲ.”

“ಯಾರೂ ತಗಳಲ್ಲ ಅಂದ್ರೆ ಯಾರ್ಗೂ ಗೊತ್ತಿಲ್ಲ ಅಂತ ಕಣ್ಲಾ. ನಂಗಿರ್ಲಿ ಇವ್ನು.”

ಅಂದಿನಿಂದ ಅತ್ತೆಯದೊಂದು ಪದ್ಧತಿ ಶುರುವಾಯಿತು. ಅವರು ಕೊನೆಯ ಸರದಿಯನ್ನು ಕೇಳಿ ಪಡೆದುಕೊಳ್ಳುತ್ತಿದ್ದರು. ನಾವೆಲ್ಲ ಹುಲಿ, ಹದ್ದು, ಘಟಸರ್ಪಗಳನ್ನು ಬಾಚಿಕೊಂಡ ಮೇಲೆ ಉಳಿದವರನ್ನು ಆರಿಸಿಕೊಳ್ಳುವುದು. ಖೋಖೋ ತಂಡ ಕಟ್ಟುವಾಗಲೂ ಹೀಗೇ ಮಾಡುತ್ತಿದ್ದರಂತೆ. ಬೇರೆ ಶಾಲೆಯವರು ಉದ್ದ ಕಾಲಿನ ಹುಡುಗಿಯರನ್ನು ಹುಡುಕಿದರೆ ಅತ್ತೆ ಹಿಂದಿನ ಬೆಂಚಿಗೆ ಹೋಗುತ್ತಿದ್ದರು. “ಓಡೋರ್ನ ಎಲ್ರೂ ನೋಡ್ತಾರೆ. ನಾನು ಕುಂತಿರೋರ್ನ ನೋಡ್ತೀನಿ. ಖೋ ಅಂದಾಗ ಕುಂತಿರೋಳು ಸರ್ಯಾಗಿ ಎದ್ರೆ ತಾನೆ ಆಟ?” ಎನ್ನುತ್ತಿದ್ದರು. ಖೋಖೋ ಆಡಿದವರಿಗೆ ಗೊತ್ತು: ಓಡಿ ಸುಸ್ತಾದವಳು ಕೂತವಳ ಬೆನ್ನು ತಟ್ಟಿ ಖೋ ಎಂದರೆ ಕೂತವಳು ಎದ್ದು ಓಡಬೇಕು, ತಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು.

ಇಲ್ಲಿ ನನಗೆ ಆಲೂಗಡ್ಡೆ ನೆನಪಾಗುತ್ತದೆ. ಹಾಸನದವನು ಎಲ್ಲಿಂದ ಹೊರಟರೂ ಆಲೂಗಡ್ಡೆಗೆ ಬಂದು ಮುಟ್ಟುತ್ತಾನೆ, ಮನ್ನಿಸಿ. ಸಾಲಗಾಮೆ ಕಡೆಯ ನಮ್ಮ ನೆಂಟರ ಹೊಲದಲ್ಲಿ ಗಡ್ಡೆ ಕಿತ್ತು, ದಪ್ಪನೆಯವನ್ನು ಮೂಟೆಗೆ ತುಂಬಿದ ಮೇಲೆ ಗೋಲಿಯಷ್ಟು ಸಣ್ಣವು ಮಣ್ಣಿನಲ್ಲೇ ಉಳಿಯುತ್ತಿದ್ದವು. ಯಾರೂ ಕೇಳದ ಆ ಪುಟಾಣಿಗಳನ್ನು ಅಮ್ಮ ಆಯ್ದು ತಂದು, ಸಿಪ್ಪೆ ಸಮೇತ ಬಾಣಲೆಯಲ್ಲಿ ಹುರಿದು ಖಾರದ ಪುಡಿ ಉದುರಿಸುತ್ತಿದ್ದಳು. ಆ ರುಚಿಗೆ ಮೂಟೆಯೊಳಗಿನ ಯಾವ ಗಡ್ಡೆಯೂ ಸಮನಲ್ಲ. ಅದನ್ನು ತಿಂದು ಬೆಳೆದ ನಾನೂ ಆಟದಲ್ಲಿ ಮಾತ್ರ ಹುಲಿಗೇ ಕೈ ಚಾಚುತ್ತಿದ್ದೆ.

ಹಾಗೆಂದು ಅತ್ತೆ ಮೊದಲೇ ಗೆದ್ದುಬಿಡಲಿಲ್ಲ. ಸೋತರು, ಚೆನ್ನಾಗಿ ಸೋತರು. ಕುಂಬಳಪ್ಪನಿಗೆ ಬರುತ್ತಿದ್ದುದು ಮೂರೇ ವಿದ್ಯೆ. ಮುದುಡಿಕೊಳ್ಳುವುದು, ಆಕಳಿಸುವುದು, ಹಿಂದಿನವನಿಗೆ ಜಾಗ ಬಿಟ್ಟು ಸರಿಯುವುದು. ಆಕಳಿಸಿದರೆ ಎದುರಾಳಿಗೆ ಕೊಂಚ ಮಂಪರು. ನಿಜ ಹೇಳಬೇಕೆಂದರೆ ನೋಡುತ್ತಿದ್ದ ನಮಗೂ ಮಂಪರು. ಲೋಕೇಶ ನಗುತ್ತಲೇ ಬಡಿಯುತ್ತಿದ್ದ. ಅತ್ತೆ ಕೊರಳಲ್ಲಿ ಹಳೆಯ ಸೀಟಿ ನೇತುಹಾಕಿಕೊಂಡೇ ಕೂರುತ್ತಿದ್ದರು, ಮನಸ್ಸಿಗೆ ಒಪ್ಪದ ಏಟು ಬಿದ್ದಾಗಲೆಲ್ಲ ಊದುತ್ತಿದ್ದರು. ಮೊಬೈಲಿಗೆ ಸೀಟಿ ಕೇಳುವುದಿಲ್ಲವೆಂದು ಹೇಳಿ ನಾವು ಸೋತೆವು.

ಒಂದು ಸಲ ಹಾಗೆ ಸೋತು ಊಟಕ್ಕೆ ಕೂತಾಗ ನಾನು ಅವರನ್ನು ಸಮಾಧಾನ ಮಾಡಲು ಹೋದೆ. “ಓಗ್ಲಿ ಬುಡತ್ತೆ, ಬರೀ ಚೊಂಬು ತಾನೆ?”

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ನಿಂಗೆ ಬರೀ ಚೊಂಬು ಕಣ್ಲಾ. ನಾನ್ ಗೆಲ್ಸಿದ್ ಕಪ್ಪೆಲ್ಲಾ ಎಡ್ಮಾಸ್ಟ್ರ ರೂಮಿನ ಬೀರುವಲ್ಲಿ ಅವೆ. ಒಂದ್ರ ಮ್ಯಾಲಾದ್ರೂ ನನ್ ಎಸ್ರೈತಾ? ಇಸ್ಕೂಲಿನ ಎಸ್ರು, ಉಡ್ಗೀರ ಎಸ್ರು. ಸರಿ, ಓಡಿದ್ದು ಅವ್ರೇಯ, ನಾನ್ ಬ್ಯಾಡ ಅನ್ನಲ್ಲ. ಆದ್ರೂ ಒಂದ್ ಸಲ ನನ್ ಎಸ್ರ ಎಲ್ಲಾದ್ರೂ ಕೆತ್ತಿದ್ದು ನೋಡ್ಬೇಕು ಅನ್ನಿಸ್ತದೆ.”

ಇಷ್ಟು ಹೇಳಿ ಬಸ್ಸಾರು ಸುರಿದುಕೊಂಡರು. ಊರೆಲ್ಲ ಹೆದರುತ್ತಿದ್ದ ಆ ದನಿಯೊಳಗೆ ಇಷ್ಟು ಸಣ್ಣ ಆಸೆಯೊಂದು ಅಷ್ಟು ವರ್ಷ ಸುಮ್ಮನೆ ಕೂತಿತ್ತಲ್ಲ ಎಂದು ಸಂಕಟವಾಯಿತು. ಆವತ್ತಿನಿಂದ ನಾನು ಆಡಿಸುತ್ತಿದ್ದುದು ನನ್ನ ಮೂರು ಜೀವಿಗಳನ್ನು, ಮನಸ್ಸು ಮಾತ್ರ ಅತ್ತೆಯ ಕಡೆಗೆ.

ಗುಟ್ಟು ಹಿಡಿದವರು ಅತ್ತೆಯೇ. ಒಂದು ದಿನ ಅರಕಲಗೂಡಿನಿಂದ ಫೋನು. “ಲೇ, ಕುಂಬಳಪ್ಪ ಒಂದೊಂದ್ ಸಲ ಮುದುಡ್ಕಂಡಾಗ್ಲೂ ಚರ್ಮ ಗಟ್ಟಿ ಆಯ್ತದೆ, ಸರೀನಾ? ಆಮೇಲೆ ಅವ್ನು ಇಂದಕ್ಕೆ ಸರುದ್ರೆ ಆ ಗಟ್ಟಿ ಚರ್ಮ ಎಲ್ಲೋಯ್ತದೆ ಗೊತ್ತೇನ್ಲಾ? ಅವ್ನ್ ಜಾಗಕ್ಕೆ ಬರೋವ್ನಿಗೆ! ಇದು ಖೋ ಕಣ್ಲಾ, ಖೋ!”

ನಾವೆಲ್ಲ ಅದನ್ನು ಹೇಡಿತನವೆಂದುಕೊಂಡಿದ್ದೆವು. ನಿಮಗೂ ಇಂಥ ಆಟದ ಚಟವಿದ್ದರೆ ಒಂದು ಮಾತು ಕೇಳಿ. ಲೆಕ್ಕಕ್ಕಿಲ್ಲದ ಜೀವಿಯ ಅರ್ಧ ಬಲ ಅದರ ಮೈಯಲ್ಲಿರುವುದಿಲ್ಲ, ಎದುರಾಳಿಯ ಅಸಡ್ಡೆಯಲ್ಲಿರುತ್ತದೆ. ಹುಲಿಯನ್ನು ತಡೆಯುವುದು ಹೇಗೆಂದು ಎಲ್ಲರೂ ಅಭ್ಯಾಸ ಮಾಡಿರುತ್ತಾರೆ. ಕುಂಬಳಕಾಯಿಯನ್ನು ತಡೆಯುವ ಅಭ್ಯಾಸ ಯಾರು ಮಾಡುತ್ತಾರೆ?

ಆ ವರ್ಷದ ಕೊನೆಯ ಪಂದ್ಯಕ್ಕೆ ಉಳಿದವರು ಅತ್ತೆ ಮತ್ತು ಲೋಕೇಶ. ಅತ್ತೆ ಮೊದಲಿಗೇ ಕುಂಬಳಪ್ಪನನ್ನು ಇಳಿಸಿದರು. ಲೋಕೇಶ ಕೆಂಡಹುಲಿಯನ್ನು ಬಿಟ್ಟ. ಕುಂಬಳಪ್ಪ ಮುದುಡಿಕೊಂಡ. ಆ ಕ್ಷಣವೇ ಹುಲಿ ಮೇಲೆ ಬಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಲೋಕೇಶನಿಗೆ ಅದೊಂದು ಏಟಿಗೂ ಲಾಯಕ್ಕಿಲ್ಲದ ಜೀವಿ. “ಇವ್ನಿಗೆಲ್ಲಾ ಬೆಂಕಿ ದಂಡ,” ಎಂದು ಹುಲಿಯ ಕೆಂಡ ಊದಿಸುತ್ತಾ ಕೂತ. ಮುಂದೆ ಬರುವವನನ್ನು ಒಂದೇ ಏಟಿಗೆ ಮುಗಿಸುವ ಲೆಕ್ಕ. ಕುಂಬಳಪ್ಪ ಮತ್ತೆ ಮುದುಡಿಕೊಂಡ. ಮತ್ತೆ ಮುದುಡಿಕೊಂಡ. ಅಕ್ಕ ಸೌಟು ಹಿಡಿದುಕೊಂಡೇ ಬಂದು ನಿಂತಳು.

“ಖೋ!” ಎಂದು ಅತ್ತೆ ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು.

ಕುಂಬಳಪ್ಪ ಸರಿದ, ಅವನ ಜಾಗಕ್ಕೆ ಚಿಮಣಿಹುಳ ಬಂತು. ಅದೂ ಯಾರೂ ಮುಟ್ಟದ ಜೀವಿಯೇ. ಮಿಂಚಿನಂತೆ ಹಾರಿ ಬಲವಾಗಿ ಕುಟುಕುತ್ತದೆ, ಆದರೆ ಊದಿದರೆ ಬೀಳುತ್ತದೆ. ಲೋಕೇಶ ನಕ್ಕು, ಕೂಡಿಟ್ಟ ಬೆಂಕಿಯನ್ನೆಲ್ಲ ಅದರ ಮೇಲೆ ಸುರಿದ. ಪರದೆ ಕೆಂಪಾಗಿ, ಮೆಲ್ಲಗೆ ತಿಳಿಯಾಯಿತು. ಕುಂಬಳಪ್ಪನ ಚರ್ಮ ಹೊದ್ದ ಹುಳ ಗಾಳಿಯಲ್ಲಿ ಹಾಗೇ ಆಡುತ್ತಿತ್ತು, ರೆಕ್ಕೆಯ ತುದಿ ಮಾತ್ರ ಸೀದಿತ್ತು. ಲೋಕೇಶನ ಬಾಯಿ ತೆರೆದುಕೊಂಡಿತು. ಆಮೇಲೆ ಅದರ ಕುಟುಕಿಗೆ ಹುಲಿ, ಹದ್ದು, ಸರ್ಪ ಒಂದರ ಹಿಂದೊಂದು ಮಲಗಿದವು. ನಾನೂ ಅಕ್ಕನೂ ಕುಣಿದೇಬಿಟ್ಟೆವು. ಅತ್ತೆ ಹೊಸ ಮಂಡಿಯನ್ನು ಮರೆತು ಎದ್ದು ನಿಂತು ಉದ್ದಕ್ಕೆ ಸೀಟಿ ಊದಿದರು. ಸೋತ ಲೋಕೇಶನೇ ಮೊದಲು ಹೋಗಿ ಅವರ ಕಾಲಿಗೆ ಬಿದ್ದ. “ನಿನ್ ಕುಂಬಳಕಾಯಿಗೆ ದೃಷ್ಟಿ ತೆಗೀಬೇಕು ಕಣತ್ತೆ,” ಎಂದ.

ಸಂಜೆ ಎಲ್ಲರೂ ಪಾತ್ರೆ ಅಂಗಡಿಗೆ ಹೋದೆವು. ನಮ್ಮದೆಲ್ಲ ‘ಲೋಕೇಶ’ ಎಂಬಂಥ ಮೂರಕ್ಷರದ ವ್ಯವಹಾರ. ಅತ್ತೆ ಹಾಗೆ ಬಿಡುವವರಲ್ಲ. ‘ಶ್ರೀಮತಿ ಗೌರಮ್ಮ, ನಿವೃತ್ತ ದೈಹಿಕ ಶಿಕ್ಷಕಿ, ಅರಕಲಗೂಡು’ ಎಂದು ಬರೆಸಿದರು.

“ಅಮ್ಮಾ, ಇಷ್ಟುದ್ದ ಇಡ್ಸಲ್ಲ,” ಎಂದ ಅಂಗಡಿಯವನು.

“ಇಡ್ಸ್ತದೆ, ತಿರುಗುಸ್ಕಂಡ್ ಬರಿ. ದುಂಡುಗೈತಲ್ಲ!”

ಮಿಷಿನ್ನು ಗುಯ್ಗುಟ್ಟಿತು. ಅಕ್ಷರಗಳು ಚೊಂಬನ್ನು ಪೂರಾ ಒಂದು ಸುತ್ತು ಹಾಕಿ, ಅರಕಲಗೂಡು ಬಂದು ಶ್ರೀಮತಿಗೆ ಡಿಕ್ಕಿ ಹೊಡೆಯಿತು. ಅತ್ತೆ ಚೊಂಬು ಹಿಡಿದು ಹೆಬ್ಬೆರಳಿನಿಂದ ತಮ್ಮ ಹೆಸರನ್ನು ಸವರಿಕೊಂಡರು. ಕಣ್ಣು ಒದ್ದೆಯಾಗಿತ್ತು, ನನ್ನದೂ ಆಗಿತ್ತು. ಅಂಗಡಿಯವನು ಏನು ತಿಳಿದುಕೊಂಡನೋ, ಚೊಂಬನ್ನು ಇನ್ನೊಮ್ಮೆ ಬಟ್ಟೆಯಿಂದ ಒರೆಸಿಕೊಟ್ಟ.

ಆ ಮೇಲೆ ಗೆದ್ದವರಿಗೆಲ್ಲ ಹೊಟ್ಟೆಯ ಮೇಲೆ ಜಾಗವಿಲ್ಲ, ತಳವೇ ಗತಿ. ಹೋದ ವರ್ಷ ಗೆದ್ದ ನನ್ನ ಹೆಸರೂ ತಳದಲ್ಲಿದೆ. ಈ ಭಾನುವಾರ ಹೊಳೆನರಸೀಪುರಕ್ಕೆ ಹೋಗಬೇಕು, ಅದಕ್ಕೇ ಚೊಂಬು ತೊಳೆಯುತ್ತಿದ್ದದ್ದು. ಒರೆಸುತ್ತಿದ್ದಂತೆ ಫೋನಿಗೆ ಲೋಕೇಶನ ಸಂದೇಶ ಬಂತು. ಆಟದ ಕಂಪನಿಯವರು ಕುಂಬಳಪ್ಪನ ಚರ್ಮವನ್ನು ಇನ್ನೂ ದಪ್ಪ ಮಾಡಿದ್ದಾರಂತೆ. ವಿಡಿಯೊಗಳಲ್ಲೆಲ್ಲ ಈಗ ಅವನದೇ ಜಪ, ಅವನೇ ಚಿನ್ನ. ‘ಅಣ್ಣ, ಮೊದಲ ಸರದಿ ನಿಂದು, ದಯವಿಟ್ಟು ಕುಂಬಳಪ್ಪನನ್ನು ನಂಗೆ ಬಿಡು’ ಎಂದು ಬರೆದಿದ್ದ. ನನಗೆ ನಗು ಬಂತು, ಜೊತೆಗೆ ಸಣ್ಣ ಹೊಟ್ಟೆಯುರಿಯೂ ಆಯಿತು. ನಮ್ಮ ಬೀದಿಯ ಪುಟ್ಟ ಹೋಟೆಲಿಗೆ ದಿಢೀರನೆ ಕಾರಿನವರು ಬರತೊಡಗಿದರೆ ಆಗುವಂಥದು. ಅತ್ತೆಗೆ ಫೋನು ಮಾಡಿದೆ.

“ಸಂತೋಸ,” ಎಂದರು ಅತ್ತೆ. “ಅವ್ನು ಎದ್ದು ಓಡ್ದ. ಇನ್ ಅವ್ನ ಚಿಂತೆ ಬುಡು. ಈಗ ಕುಂತಿರೋರ್ಯಾರು ನೋಡು.”

“ಅತ್ತೆ, ಮೊದಲ್ನೇ ಸರದಿ ನಂಗೆ ಬ್ಯಾಡ. ಈ ಸಲ ಕೊನೇಲಿ ನಾನು ಆರಿಸ್ಕತೀನಿ.”

“ಏನಂದೆ? ಕೊನೇ ಜಾಗ ನಂದು ಕಣ್ಲಾ!” ಕಾಫಿ ಕುಡಿಯುತ್ತಿದ್ದ ನನ್ನ ಹೆಂಡತಿಗೂ ಕೇಳಿಸಿತು.

“ಕುಂತಿರೋರ್ನ ನೋಡೋದು ಕಲ್ಸಿದ್ದು ನೀನೇ ತಾನೆ? ಒಂದ್ ಸಲ ಕೊಡು.”

ಆ ಕಡೆಯಿಂದ ಸೀಟಿ ಬಂದೀತೆಂದು ಫೋನನ್ನು ಕಿವಿಯಿಂದ ದೂರ ಹಿಡಿದೆ. ಬರಲಿಲ್ಲ. ಅತ್ತೆ ದನಿ ತಗ್ಗಿಸಿದರು.

“ಅಂಗಾರೆ ನಿನ್ ಮೊದಲ್ನೇ ಜಾಗ್ದಲ್ಲಿ ನಾನ್ ಕುಂತ್ಕತೀನಿ. ಆ ಕೆಂಡಹುಲೀನ ಒಂದ್ ಸಲನಾದ್ರೂ ಆಡ್ಸ್ಬೇಕು ಅಂತ ಮೊದ್ಲಿಂದ್ಲೂ ಆಸೆ ಕಣ್ಲಾ. ಯಾರ್ಗೂ ಏಳ್ಬ್ಯಾಡ.” ಆಮೇಲೆ ಹಳೆಯ ಮೈದಾನದ ದನಿಯಲ್ಲಿ, ಅರಕಲಗೂಡಿನಿಂದ ಹಾಸನಕ್ಕೆ ಫೋನಿಲ್ಲದೆಯೂ ಕೇಳುವಂತೆ ಕೂಗಿದರು: “ಖೋ!”

ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು, ನಗುತ್ತಾ, ಆಟ ತೆರೆದು ಪರದೆಯನ್ನು ತೀರ ಕೆಳಗಿನವರೆಗೆ ಸರಿಸಿದೆ.